ಉಡಿಯಲ್ಲಿ ಬಂದ ಬಂದೂಕು

ನಮ್ಮ ಮನೆಯಲ್ಲಿ ಬಂದೂಕಿನ ಆಸೆ ಇದ್ದದ್ದು ಗಂಡನಿಗೆ, ಲೈಸೆನ್ಸ್ ಬಂದದ್ದು ನನಗೆ. ಬಾಗೂರಿನ ಹೊಲ ನನ್ನ ತವರಿನ ಪಾಲು, ಪಹಣಿ ನನ್ನ ಹೆಸರಿನಲ್ಲಿದೆ. ಬೆಳೆ ಕಾಯಲು ಬಂದೂಕು ಕೊಡುವುದು ಪಹಣಿ ನೋಡಿ, ಮೀಸೆ ನೋಡಿ ಅಲ್ಲ. ಮೂರು ವರ್ಷ ಚಿತ್ರದುರ್ಗದ ಕಚೇರಿಗೆ ಅಲೆದವಳು ನಾನು. ಅಷ್ಟೂ ದಿನ "ನಮಗೊಂದು ಬಂದೂಕು ಬರ್ತೈತೆ" ಎಂದು ಹೊಸದುರ್ಗದ ಹೋಟೆಲುಗಳಲ್ಲಿ ಹೇಳಿಕೊಂಡು ತಿರುಗಿದವರು ನನ್ನ ಯಜಮಾನರು.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ನನಗೆ ಬಂದೂಕೆಂದರೆ ಸದ್ದು ಮಾಡುವ ಕೊಳವೆ, ಅಷ್ಟೆ. ನನಗೆ ಬೇಕಾಗಿದ್ದದ್ದೂ ಸದ್ದೇ. ಶೇಂಗಾ ಹೊಲಕ್ಕೆ ಹಂದಿಗಳು ಬೀಗರ ಊಟಕ್ಕೆ ಬಂದ ಹಾಗೆ ಸಂಸಾರ ಸಮೇತ ಬರುತ್ತಿದ್ದವು. ಪಟಾಕಿಗೆ ಹೆದರುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ಅನುಮತಿ ಪತ್ರದಲ್ಲಿ ಎರಡು ಕೊಕ್ಕೆ ಇದ್ದವು. ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕೇ ಆಗಬೇಕು, ಅದೂ ನಂಬರು ಹೊಡೆದ ಕಾರ್ಖಾನೆಯ ಮಾಲು. ಕಮ್ಮಾರ ಮಾಡಿಕೊಟ್ಟದ್ದು ನಡೆಯುವುದಿಲ್ಲ. ಜೊತೆಗೆ ತಿಂಗಳ ಕೊನೆಯೊಳಗೆ ಕೊಳ್ಳಬೇಕು, ಇಲ್ಲದಿದ್ದರೆ ಮತ್ತೆ ಮೊದಲ ಅರ್ಜಿಯಿಂದ ಶುರು. ಚಿತ್ರದುರ್ಗದ ಬಂದೂಕಿನಂಗಡಿಯವನು ನನ್ನ ಕಾಗದ ಓದಿ ನಕ್ಕ.

"ಮೇಡಂ, ಇವನ್ನ ಮಾಡ್ತಿದ್ದ ಕಂಪನಿ ಬಾಗ್ಲು ಹಾಕಿ ಯಾವ್ ಕಾಲ ಆತು! ಯಾರ್ದಾರ ಮನ್ಯಾಗೆ ಗೋಡೆಗೆ ನೇತಾಕಿದ್ರೆ ಹುಡುಕ್ಕಳ್ರಿ."

ಹುಡುಕಿದೆವು. ಹಿರಿಯೂರಿನಲ್ಲಿ ಸಿಕ್ಕಿದ್ದರ ನಳಿಗೆ ಸೀಳಿತ್ತು. ಇನ್ನೊಂದರ ಮರದ ಹಿಡಿಯನ್ನು ಗೆದ್ದಲು ತಿಂದು, ಬಣ್ಣವನ್ನು ಮಾತ್ರ ಮರ್ಯಾದೆಗೆ ಉಳಿಸಿತ್ತು. ಕೊನೆಗೆ ಉಳಿದದ್ದು ಹೊಳಲ್ಕೆರೆ ಹತ್ತಿರದ ಹಳ್ಳಿಯ ಒಬ್ಬ ಹಿರಿಯರದು. ಕೈನಡುಕ ಬಂದದ್ದರಿಂದ ಮಾರಲು ಒಪ್ಪಿದ್ದರು. ಕಚೇರಿಯ ಕಾಗದಗಳೆಲ್ಲ ಮುಗಿದು ಬಂದೂಕನ್ನು ಕೈಗೆ ಕೊಡುವುದೊಂದು ಬಾಕಿಯಿತ್ತು. ಗಡುವಿಗೆ ಎರಡೇ ದಿನ.

ನಾವು ಹೋದಾಗ ಬಂದೂಕು ಪಡಸಾಲೆಯ ಕುರ್ಚಿಯ ಮೇಲೆ ಮೂರು ಬೆರಳು ವಿಭೂತಿ ಬಳಿದುಕೊಂಡು ಕೂತಿತ್ತು. ಪಕ್ಕದಲ್ಲಿ ಹಿರಿಯರು, ಬಾಗಿಲಲ್ಲಿ ಅವರ ಹೆಂಡತಿ, ಕಟ್ಟೆಯ ಮೇಲೆ ಪಕ್ಕದ ಮನೆಯಲ್ಲೇ ಇರುವ ಅವರ ತಮ್ಮ.

"ಜೋಗಿಮಟ್ಟಿ ಕಾಡಿನ ಕರಡಿಗಳು ಇದರ ಹೆಸ್ರು ಹೇಳಿದ್ರೆ ದಾರಿ ಬಿಡ್ತಿದ್ವು," ಎಂದರು ಹಿರಿಯರು.

"ಹೆಸ್ರು ಹೇಳಾಕೆ ಅಲ್ಲಿಗೆ ಹೋಗಿದ್ದು ಯಾರಣ್ಣ?" ಎಂದ ತಮ್ಮ. "ಇದು ಕೆಮ್ಮಿದ್ದನ್ನೂ ಈಚೆಗೆ ಯಾರೂ ಕೇಳಿಲ್ಲ."

ಪರೀಕ್ಷೆ ಮಾಡದೆ ಒಯ್ಯುವುದಿಲ್ಲ ಎಂದೆ. ಹಿತ್ತಲಿನಲ್ಲಿ ಗುಂಡು ಹಾಕದೆ ಬರೀ ಮದ್ದು ತುಂಬಿ, ಕಿಡಿ ಹಾರಿಸುವ ಕೇಪು ಇಟ್ಟು, ಹಿರಿಯರು ಬಂದೂಕನ್ನು ಆಕಾಶಕ್ಕೆತ್ತಿದರು. ನನ್ನ ಯಜಮಾನರು ಎರಡೂ ಕಿವಿಗೆ ಬೆರಳು ತುರುಕಿಕೊಂಡರು. ಟಿಕ್. ಕೇಪು ಸಿಡಿಯಿತು, ಬಂದೂಕು ಸುಮ್ಮನಿತ್ತು. ಹೊಸ ಕೇಪು. ಮತ್ತೆ ಟಿಕ್. ಪ್ರತಿ ಟಿಕ್ಕಿಗೂ ನನ್ನ ಯಜಮಾನರು ಒಂದು ಮೊಳ ಹಾರುತ್ತಿದ್ದರು.

"ಇದಕ್ಕೂ ನನ್ನಂಗೇ ವಯಸ್ಸಾತು, ಟೀಚ್ರಮ್ಮ," ಎಂದರು ಹಿರಿಯರು, ಸೋತ ದನಿಯಲ್ಲಿ.

ನನಗೆ ಅಳು ಬಂತು. ಸಿಟ್ಟಿಗೆ ಬರುವ ಅಳು. ಮೂರು ವರ್ಷ ಅಲೆದದ್ದು ಈ ಮೂಗ ಬಂದೂಕಿಗೇ? ಕನ್ನಡಕ ಹಾಕಿಕೊಂಡು, ಕೇಪು ಕೂರುವ ಪುಟ್ಟ ಮೂತಿಯನ್ನು ನೋಡಿದೆ. ಒಳಗಿನ ಮದ್ದಿಗೆ ಕಿಡಿ ಇಳಿಯಲು ಅದರಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ. ಅಲ್ಲಿ ಬೆಳ್ಳಗೆ ಏನೋ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದೆ. ವಿಭೂತಿ! ಲೆಕ್ಕವಿಲ್ಲದಷ್ಟು ಆಯುಧ ಪೂಜೆಗಳ ವಿಭೂತಿ, ಪದರದ ಮೇಲೆ ಪದರ, ನಡುನಡುವೆ ಕುಂಕುಮ. ಭಕ್ತಿಯಿಂದ ಬಂದೂಕಿನ ಉಸಿರು ಕಟ್ಟಿಸಿದ್ದರು.

ಸೀಮೆಎಣ್ಣೆ ಸ್ಟೋವ್ ಕಟ್ಟಿಕೊಂಡಾಗ ಚುಚ್ಚುತ್ತಿದ್ದ ಪಿನ್ನು ನೆನಪಾಯಿತು. "ಅಮ್ಮಾ, ಮನೇಲಿ ಹಳೇ ಸ್ಟೋವ್ ಪಿನ್ನು..."

"ಇಲ್ಲ," ಎಂದರು ಹಿರಿಯರ ಹೆಂಡತಿ, ನನ್ನ ಮಾತು ಮುಗಿಯುವ ಮೊದಲೇ. "ಗ್ಯಾಸ್ ಬಂದ ಮ್ಯಾಲೆ ಎಲ್ಲಾ ಬಿಸಾಕಿದೀವಿ."

"ನಮ್ಮನೇ ಗೂಡಿನಾಗೈತೆ, ತಡೀರಿ," ಎಂದು ತಮ್ಮನೇ ಎದ್ದು ಓಡಿದ.

ಚುಚ್ಚಿದೆ, ಕೊಡವಿದೆ, ಮತ್ತೆ ಚುಚ್ಚಿದೆ. ಹಿರಿಯರು ಇನ್ನೊಂದು ಕೇಪು ಇಟ್ಟು ಬಂದೂಕಿನ ಕುದುರೆ ಎಳೆದರು.

ಊರಿನ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಎಮ್ಮೆ ಗೂಟ ಕಿತ್ತುಕೊಂಡಿತು. ಅಷ್ಟು ಹೊತ್ತಿಗೆ ಧೈರ್ಯ ಬಂದು ಕಿವಿಯಿಂದ ಬೆರಳು ತೆಗೆದಿದ್ದ ನನ್ನ ಯಜಮಾನರು ಮೇವಿನ ಮೇಲೆ ಕುಕ್ಕರಿಸಿದರು. ಹೊಗೆಯೊಳಗಿಂದ ಹಿರಿಯರು ಮದುಮಗನ ಮುಖ ಮಾಡಿಕೊಂಡು ಹೊರಬಂದರು.

"ಕೊಡಲ್ಲ," ಎಂದರು.

"ಯಜಮಾನ್ರೇ, ಮಾತು ಕೊಟ್ಟಿದೀರಿ," ಎಂದೆ ಹಿರಿಯರಿಗೆ.

"ಅದು ಸತ್ತ ಬಂದೂಕಿಗೆ ಕೊಟ್ಟ ಮಾತು. ಇದೀಗ ಎದ್ದು ಕುಂತೈತೆ."

ನನ್ನ ಯಜಮಾನರು ಮೇವು ಕೊಡವಿಕೊಳ್ಳುತ್ತ, "ಪಾಪ, ಅವರ ಮನಸ್ಸೂ ಅರ್ಥ ಮಾಡ್ಕಬೇಕು ಕಣೇ," ಎಂದರು. ನಾನು ನೋಡಿದ ನೋಟಕ್ಕೆ ಮತ್ತೆ ಮೇವಿನ ಮೇಲೆಯೇ ಕೂತರು. ರಿಪೇರಿ ಮಾಡಿದವಳು ನಾನು, ಬರಿಗೈಲಿ ಹೋಗುವವಳೂ ನಾನು! ಎಷ್ಟು ವಾದ ಮಾಡಿದರೂ ಹಿರಿಯರು ಜಗ್ಗಲಿಲ್ಲ. ಪಡಸಾಲೆಗೆ ಬಂದು, ಬಂದೂಕನ್ನು ಕುರ್ಚಿಯ ಮೇಲೆ ಮೊದಲಿನ ಹಾಗೆ ಕೂರಿಸಿ, ನೀರು ಕುಡಿಯಲು ಚೆಂಬೆತ್ತಿದರು.

ಆಗ ಅವರ ಹೆಂಡತಿ ಒಳಗಿನಿಂದ ಮೊರ ಹಿಡಿದು ಬಂದರು. ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ರವಿಕೆ ಕಣ. "ಮುತ್ತೈದೆ ಬಂದಾಳೆ, ಬರೀ ಉಡೀಲಿ ಕಳಿಸಾಕಾಗಲ್ಲ. ಕುಂತ್ಕಳಮ್ಮ."

ಬಂದೂಕು ಹೋಯಿತು, ತೆಂಗಿನಕಾಯಿಯಾದರೂ ಬಂತು ಎಂದುಕೊಂಡು ಚಾಪೆಯ ಮೇಲೆ ಕೂತು ಸೆರಗೊಡ್ಡಿದೆ. ಆಕೆ ಐದು ಬೊಗಸೆ ಅಕ್ಕಿ ಹಾಕಿದರು, ಕಾಯಿ ಇಟ್ಟರು, ಕಣ ಇಟ್ಟರು. ಆಮೇಲೆ ನೆಟ್ಟಗೆ ಕುರ್ಚಿಗೆ ಹೋಗಿ, ಬಂದೂಕನ್ನೆತ್ತಿ ತಂದು ನನ್ನ ಉಡಿಯಲ್ಲಿ ಅಡ್ಡ ಮಲಗಿಸಿದರು.

"ಏಯ್!" ಎಂದರು ಹಿರಿಯರು. ಕುಡಿಯುತ್ತಿದ್ದ ನೀರು ನೆತ್ತಿಗೇರಿತು.

"ಆತು. ಉಡಿಗೆ ಹಾಕಿದ್ದನ್ನ ಯಾರಾರ ವಾಪಸ್ ತಗಂತಾರಾ? ಮನೆಗೆ ಒಳ್ಳೇದಾಗ್ತೈತಾ?"

ಕಚೇರಿಯ ಮೊಹರಿಗೆ ಬಗ್ಗದ ಹಿರಿಯರು ಇದಕ್ಕೆ ಬಗ್ಗಿ, ಚೆಂಬು ಕೆಳಗಿಟ್ಟರು. ಅಷ್ಟು ವರ್ಷ ವಿಜ್ಞಾನ ಕಲಿಸಿದ ನಾನೂ ಆ ಗಳಿಗೆಯಲ್ಲಿ ವಿಜ್ಞಾನ ಮಾತಾಡಲಿಲ್ಲ, ಸೆರಗನ್ನು ಇನ್ನಷ್ಟು ಬಿಗಿ ಹಿಡಿದೆ.

ಆಕೆ ಕುಂಕುಮ ಇಡಲು ನನ್ನ ಮೇಲೆ ಬಗ್ಗಿದರು. ಕುಂಕುಮ ಇಡುವ ಕೆಲಸ ಬಹಳ ನಿಧಾನವಾಗಿ ನಡೆಯಿತು.

"ವಿಭೂತಿ ತುಂಬಿದ್ದು ನಾನೇ ಕಣಮ್ಮ, ಬೇಕಂತ್ಲೇ," ಎಂದರು ಕಿವಿಯಲ್ಲಿ. "ಬದುವಿನ ಜಗಳದಾಗೆ ಒಂದ್ಸಲ ನಮ್ಮನೇರು ಇದನ್ನ ತಮ್ಮನ ಎದಿಗೆ ಹಿಡಿದಿದ್ರು. ಅವತ್ತು ಹೆಂಗೋ ಕೈ ಹಿಡ್ಕಂಡೆ. ದಿನಾ ಹಿಡ್ಕಂಡು ಕುಂದ್ರಾಕಾಗ್ತೈತಾ? ಆ ವರ್ಷದಿಂದ ಪೂಜೆಗೊಂದು ಚಿಟಿಕೆ ಒಳಗೆ ಒತ್ತಿಡ್ತಿದ್ದೆ."

ಆ ತೂತನ್ನು ನಾನೇ ಬಿಡಿಸಿದ್ದೆ, ಎಲ್ಲರ ಮುಂದೆ, ಜಂಬದಿಂದ.

"ನಿನ್ ಗಂಡ ಎಂಥಾರು?" ಎಂದು ಕೇಳಿದರು ಆಕೆ.

ನೋಡಿದೆ. ಹಿತ್ತಲಿನಲ್ಲಿ ಎಮ್ಮೆಯನ್ನು ಗೂಟಕ್ಕೆ ಕಟ್ಟಲು ಹೋಗಿ, ಅದು ಒಮ್ಮೆ ತಲೆಯಾಡಿಸಿದ್ದಕ್ಕೆ ಹಗ್ಗ ಬಿಟ್ಟು ನಿಂತಿದ್ದರು.

"ಬಾಯಿ ಜೋರು, ಅಷ್ಟೆ."

"ಹಂಗಾರೆ ತಗಂಡೋಗು."

ನಾನು ಅಕ್ಕಿ, ಕಾಯಿ, ಬಂದೂಕು ಎಲ್ಲವನ್ನೂ ತಬ್ಬಿಕೊಂಡು ಎದ್ದೆ. ಹಿರಿಯರು ನಮ್ಮ ಕಡೆ ನೋಡದೆ ಗೋಡೆಗೆ ಮುಖ ಮಾಡಿ ಕೂತಿದ್ದರು. ತಮ್ಮ ಹೋಗಿ ಅವರ ರಟ್ಟೆ ಹಿಡಿದೆಳೆದ.

"ಒಂದ್ ತುಂಡು ಕಬ್ಬಿಣಕ್ಕೆ ಯಾರಾರ ಇಷ್ಟು ಮಖ ಊದಿಸ್ಕಂತಾರೇನಣ್ಣ? ಏಳು, ಚಾ ಆರ್ತೈತೆ. ನಮ್ಮನೀಗೆ ಹೋಗಾಣ."

ಹಿರಿಯರು ಗೊಣಗುತ್ತ ಎದ್ದು, ತಮ್ಮನ ಹೆಗಲ ಮೇಲೆ ಕೈಯಿಟ್ಟುಕೊಂಡು ಚಾ ಕುಡಿಯಲು ಹೋದರು.