ದ್ವಾರಪಾಲಕನಿಗೆ ಬಿದ್ದ ಹಾರ

ದುಡಿದು ದುಡಿದು ಯಾರ ಕಣ್ಣಿಗೂ ಬೀಳದವನನ್ನು ಎಲೆಮರೆಯ ಕಾಯಿ ಎನ್ನುತ್ತೇವೆ. ಆದರೆ ನಮ್ಮ ಹಾಸನದ ಕಡೆ ಯಾವ ಸನ್ಮಾನಕ್ಕಾದರೂ ಹೋಗಿ ನೋಡಿ: ಸರ್ಕಲ್ಲಿನಲ್ಲಿ ಆಳೆತ್ತರದ ಫ್ಲೆಕ್ಸ್ ಹಾಕಿಸಿಕೊಂಡವನನ್ನೇ ಮೈಕಿನವನು 'ಎಲೆಮರೆಯ ಕಾಯಿ' ಎಂದು ಕರೆದು ಶಾಲು ಹೊದಿಸುತ್ತಾನೆ. "ಎಲೆ ಎಲ್ಲಪ್ಪಾ?" ಎಂದು ನಾನೊಮ್ಮೆ ಗಟ್ಟಿಯಾಗಿ ಕೇಳಿದ್ದಕ್ಕೆ ಊಟದ ಕೂಪನ್ ವಾಪಸ್ ಕಿತ್ತುಕೊಂಡಿದ್ದರು.

ಅಸಲಿ ಎಲೆಮರೆಯ ಕಾಯಿ ನಮ್ಮ ಮನೆಯಲ್ಲೇ ಇದ್ದ: ನನ್ನ ಹೆಂಡತಿಯ ತಮ್ಮ. ಹಳೇಕೋಟೆಯ ನಾಟಕ ತಂಡದಲ್ಲಿ ಕೂದಲು ಕಪ್ಪಗಿದ್ದಾಗಿನಿಂದಲೂ ದ್ವಾರಪಾಲಕ. ಪರದೆ ಕಟ್ಟುವುದು, ಚಿತ್ರಾನ್ನ ಹಂಚುವುದು, ರಾಜನ ಮೀಸೆ ಅಂಟಿಸುವುದು ಎಲ್ಲವೂ ಅವನೇ. ರಾಜ "ಯಾರಲ್ಲಿ?" ಎಂದಾಗ "ಅಪ್ಪಣೆ ಮಹಾಪ್ರಭು" ಎನ್ನುವುದಷ್ಟೇ ಅವನ ಮಾತು. ನಮ್ಮ ಕಡೆ ನಾಟಕದ ನಡುವೆಯೇ ನೆಂಟರು ರಂಗದ ಮೇಲೆ ಹತ್ತಿ ಪಾತ್ರಧಾರಿಗೆ ಹಾರ ಹಾಕುತ್ತಾರೆ. ಹಾರ ಬಂತೆಂದರೆ ಯುದ್ಧವೂ ನಿಲ್ಲಬೇಕು. ರಾಜನಿಗೆ ಹಾರ, ರಾಣಿಗೆ ಹಾರ, ಹಾರ್ಮೋನಿಯಂ ಮೇಷ್ಟರಿಗೂ ಹಾರ. ಇವನ ಕೊರಳಿಗೆ ಮಾತ್ರ ಒಂದು ಎಸಳೂ ಬಿದ್ದಿರಲಿಲ್ಲ.

ಹೋದ ವರ್ಷ ಹಾಸನದಲ್ಲಿ ಹಗಲು ನಾಟಕ. ಅರ್ಧ ಬಣ್ಣ ಹಚ್ಚಿಕೊಂಡ ಮುಖದಲ್ಲೇ ಬಂದು ನನ್ನ ತೋಳು ಹಿಡಿದ.

"ಬಾವ, ಇರೀಸಾವೆಯಿಂದ ಬೀಗ್ರು ಬಂದು ಮುಂದ್ಗಡೆನೇ ಕುಂತವ್ರೆ. ಮಗಳ ಮದ್ವೇಲಿ ನಾನು ದೊಡ್ಡ ಕಲಾವಿದ ಅಂತ ಬುರುಡೆ ಬುಟ್ಬುಟ್ಟಿದ್ದೆ. ಒಂದೇ ಒಂದು ಆರ ಬೀಳಂಗೆ ಮಾಡು. ಇಲ್ದಿದ್ರೆ ಮಾನ ಓಯ್ತದೆ."

"ನೀನು ಎಲೆಮರೆ ಕಾಯಿ ಕಣ್ಲಾ. ಅಂಗೇ ಇರು, ಅದೇ ಚೆಂದ."

"ಆ ಎಲೆಗೆ ಬೆಂಕಿ ಆಕ! ಮರೇಲಿದ್ದು ಇದ್ದು ಬೂಷ್ಟು ಇಡ್ದದೆ."

ಒಂದು ಹಾರ ನಾನೇ ತಂದು ಹಾಕಬಹುದಿತ್ತು. ಆದರೆ ಮನೆಯ ಭಾವ ಹಾಕಿದ ಹಾರಕ್ಕೆ ಏನು ಗತ್ತು? ನನ್ನ ತಲೆ ಅಷ್ಟು ಸಣ್ಣದಲ್ಲ. ಹೊಳೆನರಸೀಪುರ ತಾಲ್ಲೂಕಿನಲ್ಲಿ ಇಂಥದ್ದು ಇನ್ನೊಂದಿದ್ದರೆ ತೋರಿಸಿ. ಸೀದಾ ಅರಕಲಗೂಡಿನ ನೆಂಟರ ಸಾಲಿಗೆ ಹೋಗಿ ಕಿವಿಯಲ್ಲಿ ಊದಿದೆ.

"ಚನ್ರಾಯಪಟ್ಣದೋರು ದ್ವಾರಪಾಲಕಂಗೆ ಸೇಬಿನ ಆರ ತರ್ಸವ್ರಂತೆ. ನೀವೇನು, ಕೈ ಬೀಸ್ಕಂಡು ಬಂದ್ರಾ?"

ಚನ್ನರಾಯಪಟ್ಟಣದವರಿಗೆ ಅರಕಲಗೂಡಿನವರ ಹೆಸರು ಹೇಳಿದೆ. ಹರದನಹಳ್ಳಿಯವರಿಗೆ ಇಬ್ಬರ ಹೆಸರನ್ನೂ ಹೇಳಿದೆ. ಯಾವ ಊರಿನ ನೆಂಟರು ತಾನೇ ಇನ್ನೊಂದೂರಿಗೆ ಸೋಲುತ್ತಾರೆ? ಎದುರಿನ ಹೂವಿನಂಗಡಿ ನೋಡನೋಡುತ್ತಲೇ ಖಾಲಿಯಾಯಿತು.

ರಾಜ ಎದೆಯುಬ್ಬಿಸಿ ಹಾಡು ಎತ್ತಿದ್ದಷ್ಟೇ, ಮೂರೂ ಊರಿನವರು ಒಟ್ಟಿಗೆ ರಂಗಕ್ಕೆ ನುಗ್ಗಿದರು. ರಾಜ ಹಾಡು ನಿಲ್ಲಿಸಿ ಕತ್ತು ಬಗ್ಗಿಸಿದ. ಅವರು ಅವನನ್ನು ದಾಟಿಕೊಂಡು ದ್ವಾರಪಾಲಕ ನಿಂತಿದ್ದ ಬಾಗಿಲ ಕಡೆ ನಡೆದರು. ಹಾರದ ಮೇಲೆ ಹಾರ ಬಿದ್ದು ನನ್ನ ಭಾಮೈದನ ಮೂಗು, ಕಣ್ಣು ಅಷ್ಟೇ ಉಳಿದವು. ಬಗ್ಗಿಸಿದ ಕತ್ತು ಎತ್ತಿಕೊಂಡ ರಾಜ ತಡೆಯಲಾರದೆ "ಯಾರಲ್ಲಿ?" ಎಂದು ಗುಡುಗಿದ.

"ಒಸಿ ತಡ್ಕಳಪ್ಪ, ಬೀಗ್ರು ಬತ್ತಾವ್ರೆ!" ಹಾರಗಳ ಒಳಗಿಂದ ದ್ವಾರಪಾಲಕನ ದನಿ ಬಂತು.

ಸಭೆ ಬಿದ್ದು ಬಿದ್ದು ನಕ್ಕಿತು. ಬೀಗರು ನಿಜಕ್ಕೂ ಮೆಟ್ಟಿಲು ಹತ್ತುತ್ತಿದ್ದರು. ಹೂವು ಸಿಗದೆ ಹೆಗಲ ಮೇಲಿನ ಜರಿ ಟವಲನ್ನೇ ತೆಗೆದು ಅವನಿಗೆ ಹೊದಿಸಿದರು. ಆಮೇಲೆ ಗುಟ್ಟೆಂಬಂತೆ ಪಿಸುಗುಟ್ಟಿದ್ದು ಮೈಕಿನಲ್ಲಿ ಇಡೀ ಸಭೆಗೆ ಕೇಳಿಸಿತು.

"ಬೀಗ್ರೇ, ನಿಮ್ ತಂಡದಾಗೆ ನನ್ಗೂ ಒಂದು ಪಾತ್ರ ಕೊಡ್ಸಿ. ಮಾತಿಲ್ದಿದ್ರೂ ಆಯ್ತದೆ."

ನನ್ನ ಭಾಮೈದ ರಾಜನ ಕಡೆ ತಿರುಗಿಯೂ ನೋಡದೆ, "ನೋಡಾನ, ಆಮೇಲೆ ಏಳ್ತೀನಿ" ಎಂದ.