ಭಾವ ಜೋಪಾನ ಮಾಡಿದ ಬ್ಯಾಟರಿ

ಮೊಳಕಾಲ್ಮೂರಿನಲ್ಲಿ ನನ್ನ ಅಕ್ಕನ ಮನೆಯ ಮುಂದೆ ಒಂದು ಹಳೆಯ ಕಾರು ನಿಲ್ಲುತ್ತದೆ. ಭಾವ ಅದನ್ನು ಕೊಂಡದ್ದು ಒಂದೇ ಕೆಲಸಕ್ಕೆ, ತಿಂಗಳಿಗೊಮ್ಮೆ ಅಕ್ಕನನ್ನು ಚಳ್ಳಕೆರೆಯ ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಲು. ಸಕ್ಕರೆ ಕಾಯಿಲೆ ಅವಳ ಎಡಗಣ್ಣಿಗೆ ಇಳಿದಿತ್ತು. ಹೊರಗಿನಿಂದ ಬರುವ ಡಾಕ್ಟರು ತಿಂಗಳಲ್ಲಿ ಒಂದೇ ದಿನ, ಅದೂ ಮಧ್ಯಾಹ್ನದವರೆಗೆ ಮಾತ್ರ ಇರುತ್ತಿದ್ದರು. ಕಣ್ಣಿಗೇ ಇಂಜೆಕ್ಷನ್ ಕೊಡುತ್ತಿದ್ದರು. ನಡುವೆ ಒಂದು ಸಲ ತಪ್ಪಿದರೂ ಇರುವ ದೃಷ್ಟಿ ಉಳಿಯುತ್ತದೆಂದು ಹೇಳಲಾರೆ ಎಂದು ಮೊದಲ ದಿನವೇ ತಿಳಿಸಿದ್ದರು. ಭಾವ ಮನೆಯ ಮಗ್ಗದಲ್ಲಿ ನೇಯುತ್ತಾರೆ, ಅಕ್ಕ ರೇಷ್ಮೆ ಸೀರೆಯ ಅಂಚಿನಲ್ಲಿ ಜರಿ ತುಂಬುವವಳು. ಕಣ್ಣಿಲ್ಲದೆ ಆ ಕೆಲಸವಿಲ್ಲ.

ಮೊದಲ ಸಲ ಇಬ್ಬರೂ ಬಸ್ಸಿನಲ್ಲೇ ಹೋಗಿ ಬಂದಿದ್ದರು. ವಾಪಸು ಬರುವಾಗ ನೂಕುನುಗ್ಗಲಿನಲ್ಲಿ ಯಾರದೋ ಚೀಲ ಅಕ್ಕನ ಪಟ್ಟಿ ಕಟ್ಟಿದ ಕಣ್ಣಿಗೆ ತಾಗಿತು. ಮುಂದಿನ ಸಲ ಹೋಗುವ ಹೊತ್ತಿಗೆ ಮನೆಯ ಮುಂದೆ ಕಾರು ಇತ್ತು.

ಕಾರನ್ನು ಭಾವ ನೋಡಿಕೊಂಡ ರೀತಿಯನ್ನು ಹೇಳಬೇಕು. ಚಳ್ಳಕೆರೆಯಿಂದ ಬಂದ ಕೂಡಲೇ ಅದನ್ನು ತೊಳೆದು ಒರೆಸಿ, ಅಕ್ಕ ಹೊಲಿದುಕೊಟ್ಟ ದಪ್ಪ ಬಟ್ಟೆ ಹೊದಿಸಿಬಿಡುತ್ತಿದ್ದರು. ಮುಂದಿನ ತಿಂಗಳವರೆಗೆ ಅದನ್ನು ತೆಗೆಯುತ್ತಿರಲಿಲ್ಲ. ಸಂತೆಗೂ ಒಯ್ಯುತ್ತಿರಲಿಲ್ಲ, ಮದುವೆಗೂ ಒಯ್ಯುತ್ತಿರಲಿಲ್ಲ. ಒಮ್ಮೆ ನಾನು ಕೇಳಿದ್ದಕ್ಕೆ, "ಸುಮ್ನೆ ಯಾಕಪ್ಪ ಸವೆಸೋದು? ನಿಮ್ಮಕ್ಕನ ಕೆಲ್ಸಕ್ಕೆ ಇರ್ಲಿ" ಅಂದಿದ್ದರು.

ಹಾಗೆಂದು ಬ್ಯಾಟರಿಯನ್ನು ಅವರು ಮರೆತಿದ್ದರು ಎನ್ನುವಂತಿಲ್ಲ. ಬಟ್ಟೆಯ ಒಂದು ಮೂಲೆ ಸರಿಸಿ, ಬಾನೆಟ್ ಎತ್ತಿ, ಮುಚ್ಚಳ ಬಿಚ್ಚಿ ನೀರಿನ ಮಟ್ಟ ನೋಡುತ್ತಿದ್ದರು. ಕಡಿಮೆಯಾಗಿದ್ದರೆ ಅಂಗಡಿಯಿಂದ ತಂದ ಬ್ಯಾಟರಿ ನೀರನ್ನೇ ಹಾಕುತ್ತಿದ್ದರು. ವೈರು ಕಚ್ಚಿಸುವ ತುದಿಗಳಲ್ಲಿ ಬಿಳಿ ಪುಡಿ ಕಂಡರೆ ಬಿಸಿನೀರಿನಲ್ಲಿ ಉಜ್ಜಿ ತೆಗೆದು, ಒಣಗಿಸಿ, ವ್ಯಾಸಲಿನ್ ಸವರುತ್ತಿದ್ದರು. ನನ್ನ ಕಾರಿನ ಬ್ಯಾಟರಿ ಎಂದೂ ಅಷ್ಟು ಸ್ವಚ್ಛವಾಗಿರಲಿಲ್ಲ. ಇಷ್ಟೆಲ್ಲ ಮಾಡಿ, ಇಲಿ ಬರಬಾರದೆಂದು ಲವಂಗದ ಸಣ್ಣ ಗಂಟೊಂದನ್ನು ಬ್ಯಾಟರಿ ಪಕ್ಕದಲ್ಲಿ ಇಟ್ಟು ಬಾನೆಟ್ ಮುಚ್ಚುತ್ತಿದ್ದರು. ಅವರ ಮನೆಯಲ್ಲಿ ರೇಷ್ಮೆ ಸೀರೆಯ ಪೆಟ್ಟಿಗೆಯಲ್ಲೂ ಅಂಥದೇ ಗಂಟು ಇರುತ್ತದೆ. ಒಂದೇ ಒಂದು ಕೆಲಸ ಅವರು ಮಾಡುತ್ತಿರಲಿಲ್ಲ, ಕಾರನ್ನು ಚಾಲೂ ಮಾಡುವುದು.

ಆ ಸಲ ನಾನು ರಾಂಪುರದಲ್ಲಿ ಕೆಲಸ ಮುಗಿಸಿ ಅಕ್ಕನ ಮನೆಯಲ್ಲಿ ಉಳಿದಿದ್ದೆ. ಬೆಳಿಗ್ಗೆ ಅಕ್ಕ ಹಿಂದಿನ ಸೀಟಿನಲ್ಲಿ ಕೂತಳು, ನಾನು ಮುಂದೆ ಕೂತೆ. ಭಾವ ದೇವರಿಗೆ ಕೈಮುಗಿದು ಕೀಲಿ ತಿರುಗಿಸಿದರು. ಟಕ್ ಎಂದಿತು. ಮತ್ತೆ ತಿರುಗಿಸಿದರು, ಮತ್ತೆ ಟಕ್. ಮೂರನೆಯ ಸಲ ಆ ಸದ್ದೂ ಬರಲಿಲ್ಲ.

ಮಗ್ಗದ ಕುಣಿಯಿಂದ ಎದ್ದು ಬಂದ ಪಕ್ಕದ ಮನೆಯವನು ಬಾಗಿಲಲ್ಲೇ ನಿಂತು ನಕ್ಕ. "ಏನ್ ಮಾವಾ, ಮದುಮಗಳು ಮುನಿಸ್ಕೊಂಡ್ಳಾ? ಮುಸುಕು ಹಾಕ್ಕೊಂಡು ಕೂತಾಗ್ಲೇ ಅಂದ್ಕೊಂಡೆ."

"ನಗಾಡಬ್ಯಾಡ ಲೇ. ಕೈ ಹಚ್ಚು," ಅಂದರು ಭಾವ.

"ನೆಟ್ಟಂಡ್ರಾ!" ಎಂದು ಅವನು ತೆಲುಗಿನಲ್ಲಿ ಬೀದಿಯವರನ್ನು ಕೂಗಿದ. ನಾಲ್ಕಾರು ಜನ ಬಂದು ತಳ್ಳಿದರು. ಬೀದಿ ಇಳಿಜಾರು. ತುದಿ ಮುಟ್ಟುವ ಹೊತ್ತಿಗೆ ಕಾರು ಕೆಮ್ಮಿ ಚಾಲೂ ಆಯಿತು. ಹಿಂದಿನಿಂದ ಚಪ್ಪಾಳೆ ಕೇಳಿಸಿತು. ಭಾವ ತಿರುಗಿ ನೋಡಲಿಲ್ಲ.

ದಾರಿಯಲ್ಲಿ ನಾನು ಆಸ್ಪತ್ರೆ ಬರುವವರೆಗೆ ಆಫ್ ಮಾಡಬೇಡಿ ಎಂದೆ. ಅವರು ಹೂಂಗುಟ್ಟಿದರು. ತಳಕು ಸಮೀಪಿಸುವಾಗ ಕುರಿಹಿಂಡೊಂದು ರಸ್ತೆಗೆ ಅಡ್ಡ ಬಂತು. ಕಾರು ನಿಂತಿತು. ಸುಮ್ಮನೆ ನಿಂತಾಗ ಎಂಜಿನ್ ಓಡಬಾರದು, ಅದಕ್ಕೂ ದಣಿವು ಎಂಬುದು ಭಾವನ ನಂಬಿಕೆ. ಕೈ ತಾನಾಗಿ ಹೋಗಿ ಕೀಲಿ ತಿರುಗಿಸಿಬಿಟ್ಟಿತು. ಸದ್ದು ನಿಂತ ಮೇಲೆಯೇ ಏನು ಮಾಡಿದೆನೆಂದು ಅವರಿಗೆ ಗೊತ್ತಾದದ್ದು. ಕುರಿಗಳು ದಾಟಿಹೋದವು. ಕಾರು ಅಲ್ಲೇ ಉಳಿಯಿತು. ಅಲ್ಲಿ ಇಳಿಜಾರೂ ಇರಲಿಲ್ಲ.

ಸ್ವಲ್ಪ ಮುಂದೆ ಟ್ರ್ಯಾಕ್ಟರ್ ಬ್ಯಾಟರಿಗಳನ್ನು ಸಾಲಾಗಿ ಇಟ್ಟ ಅಂಗಡಿ ಕಾಣುತ್ತಿತ್ತು. ಕುರಿ ಕಾಯುವವನೂ ನಾನೂ ಸೇರಿ ಅಲ್ಲಿಯವರೆಗೆ ತಳ್ಳಿದೆವು. ಮೆಕ್ಯಾನಿಕ್ ಬಾನೆಟ್ ಎತ್ತಿ, ಮೊದಲು ಲವಂಗದ ಗಂಟನ್ನು ತೆಗೆದು ಮೂಸಿದ.

"ಕ್ಯಾ ಯಜಮಾನ್ರೇ, ಒಳಗೆ ಬಿರಿಯಾನಿ ಇಟ್ಟೀರಾ?"

ಅಕ್ಕ ಹಿಂದಿನಿಂದ ನಕ್ಕಳು. ಭಾವ ನಗಲಿಲ್ಲ. ಮೆಕ್ಯಾನಿಕ್ ಮೀಟರಿನ ಕಡ್ಡಿಗಳನ್ನು ಎರಡೂ ತುದಿಗೆ ಹಚ್ಚಿ ನೋಡಿ, "ಇದು ಹೋಗೈತೆ. ಚಾರ್ಜ್ ಹಿಡಿಯಲ್ಲ. ಬ್ಯಾರೇದು ಹಾಕ್ಬೇಕು," ಎಂದ.

"ಹೋಗೋಕೆ ಹೆಂಗಾಗ್ತದೆ?" ಭಾವ ಸಿಟ್ಟಾದರು. "ಹೊಸಾದಪ್ಪಾ ಇದು. ಹಾಕ್ಸಿದ ಮ್ಯಾಲೆ ಬಳಸೇ ಇಲ್ಲ. ತಿಂಗಳಿಗೆ ಒಂದ್ಸಲ ತೆಗೀತೀನಿ, ಅಷ್ಟೇ."

"ಅದಕ್ಕೇ ಹೋಗೈತೆ."

"ಬಳಸದಿದ್ರೆ ಹೋಗ್ತದಾ?"

"ಹೌದ್ರೀ. ಕಾರು ಓಡಿದ್ರೇನೇ ಅದಕ್ಕೆ ಊಟ. ನೀವು ತಿಂಗಳೆಲ್ಲ ಉಪಾಸ ಕೆಡವೀರಿ."

ಭಾವ ನನ್ನ ಕಡೆ ನೋಡಿದರು, ನಾನು ಅಲ್ಲ ಎನ್ನಲೆಂದು ಕಾಯುವವರಂತೆ. ನಾನು ಹೌದೆಂದೆ. ಅವರು ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತುಬಿಟ್ಟರು. ಅಕ್ಕನ ಕಣ್ಣಿಗೆಂದು ತೆಗೆದಿಟ್ಟ ವಸ್ತುವನ್ನು ತಾವೇ ಕೈಯಾರೆ ಕೆಡಿಸಿದ ಸಂಕಟ ಅವರ ಮುಖದಲ್ಲಿ ಕಾಣುತ್ತಿತ್ತು. ಬಿಸಿಲು ಏರುತ್ತಿತ್ತು. ಆ ಕಾರಿಗೆ ಹೊಂದುವ ಬ್ಯಾಟರಿ ಅಂಗಡಿಯಲ್ಲಿರಲಿಲ್ಲ. ಊರೊಳಗಿನ ಇನ್ನೊಂದು ಅಂಗಡಿಯಿಂದ ತರುತ್ತೇನೆಂದು ಮೆಕ್ಯಾನಿಕ್ ಬೈಕ್ ಹತ್ತಿದ. ಅಷ್ಟರಲ್ಲಿ ಚಳ್ಳಕೆರೆ ಬಸ್ಸು ಬರುವುದು ಕಾಣಿಸಿತು.

"ಅಕ್ಕಾ, ಇಳಿ. ನಾವಿಬ್ರೂ ಬಸ್ಸಿಗೆ ಹೋಗಾಣ. ಭಾವ ಆಮೇಲೆ ಬರ್ಲಿ," ಎಂದೆ.

"ಹೋಗ್ರಿ," ಅಂದರು ಭಾವ, ತಲೆ ಎತ್ತದೆ. "ಡಾಕ್ಟ್ರು ಎದ್ದು ಹೋದ್ರೆ ಏನ್ ಮಾಡೋದು?"

ಬಾಗಿಲಲ್ಲಿ ಜನ ಜೋತುಬಿದ್ದಿದ್ದರು. ಅಕ್ಕ ಬಸ್ಸನ್ನೂ ನೋಡಿದಳು, ಗಂಡನನ್ನೂ ನೋಡಿದಳು. "ಆಸ್ಪತ್ರೆಗೆ ಫೋನ್ ಮಾಡಿ ಕೇಳು, ತಮ್ಮಾ. ಹೊತ್ತಾದ್ರೂ ನೋಡ್ತಾರಂದ್ರೆ ಕಾರಿನಾಗೇ ಬರ್ತೀನಿ. ಇಲ್ಲ ಅಂದ್ರೆ ಮುಂದಿನ ಬಸ್ಸು."

ನರ್ಸು ಫೋನ್ ಎತ್ತಿದಳು. ರೋಗಿಗಳು ಬಹಳ ಇದ್ದಾರೆ, ಅಕ್ಕನನ್ನು ಕೊನೆಗೆ ಇಟ್ಟುಕೊಳ್ಳುತ್ತೇವೆ, ಆದರೆ ಡಾಕ್ಟರು ಎದ್ದರೆ ನಿಲ್ಲಿಸಲು ನನ್ನಿಂದಾಗದು ಎಂದಳು. ಬಸ್ಸು ಹೋಯಿತು.

ಆಗ ಅಕ್ಕ ಕಾರಿನಿಂದ ಇಳಿದು ಭಾವನ ಪಕ್ಕ ಕೂತಳು. "ಸೀರೆ ಒಯ್ಯೋರಿಗೆ ನೀವೇನು ಹೇಳಿ ಕಳಿಸ್ತೀರಿ?"

"ಈಗ ಅದ್ಯಾಕೆ?"

"ಹೇಳ್ರಿ."

"ಪೆಟ್ಟಿಗ್ಯಾಗೆ ಇಟ್ಟು ಮರೀಬ್ಯಾಡ್ರಿ, ಆಗಾಗ ಬಿಚ್ಚಿ ಗಾಳಿಗೆ ಹಾಕಿ ಮಡಿಕೆ ಬದಲಿಸ್ರಿ ಅಂತೀನಿ."

"ಬದಲಿಸದಿದ್ರೆ?"

"ಮಡಿಕೆ ಬಿದ್ದ ಕಡೆ ಜರಿ ಮುರೀತದೆ," ಎಂದ ಭಾವ ಬಾನೆಟ್ ಎತ್ತಿದ ಕಾರಿನ ಕಡೆ ನೋಡಿದರು. ಆಮೇಲೆ, "ಹೌದಲ್ಲೇ," ಅಂದರು.

ಬ್ಯಾಟರಿ ಬಂತು. ಮೆಕ್ಯಾನಿಕ್ ಮೊದಲು ಕಪ್ಪು ವೈರು, ಆಮೇಲೆ ಕೆಂಪು ವೈರು ಬಿಚ್ಚಿ ಹಳೆಯದನ್ನು ಎತ್ತಿದ. ಹೊಸದನ್ನು ಕೂರಿಸಿ ಕೆಂಪನ್ನು ಮೊದಲು ಬಿಗಿದು, ಕಪ್ಪನ್ನು ಕೊನೆಗೆ ಕಚ್ಚಿಸಿದ. ಬ್ಯಾಟರಿ ಅಲುಗದಂತೆ ಪಟ್ಟಿ ಹಾಕಿದ. ಭಾವ ಬಗ್ಗಿ ಎಲ್ಲವನ್ನೂ ನೋಡುತ್ತಿದ್ದರು. ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಓಡಿತು. ಮೆಕ್ಯಾನಿಕ್ ಲವಂಗದ ಗಂಟನ್ನು ಭಾವನ ಕೈಗಿಟ್ಟು, "ಇದನ್ನ ಅಮ್ಮಾರಿಗೆ ಕೊಡ್ರಿ. ಸಾರಿಗೆ ಆಗ್ತದೆ," ಎಂದ. ಈ ಸಲ ಭಾವನೂ ನಕ್ಕರು.

ಆಸ್ಪತ್ರೆಯಲ್ಲಿ ಡಾಕ್ಟರು ಆಗಲೇ ಕೈತೊಳೆದು ಚೀಲ ಎತ್ತಿಕೊಂಡಿದ್ದರು. ಅಕ್ಕನ ಮುಖ ನೋಡಿ ಚೀಲವನ್ನು ಮತ್ತೆ ಕೆಳಗಿಟ್ಟರು. ಒಳಗೆ ಇಂಜೆಕ್ಷನ್ ಮುಗಿಯುವವರೆಗೂ ಭಾವ ಹೊರಗಿನ ಬೆಂಚಿನಲ್ಲಿ ಲವಂಗದ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು.

ಈಗ ಕಾರಿಗೆ ವಾರಕ್ಕೊಮ್ಮೆ ಕೆಲಸವಿದೆ. ಮಗ್ಗ ಬಿಟ್ಟ ಸಂಜೆ ಇಬ್ಬರೂ ರಾಂಪುರದವರೆಗೆ ಹೋಗಿ, ಚಹಾ ಕುಡಿದು ಬರುತ್ತಾರೆ. ಅಕ್ಕ ಈಗ ಮುಂದಿನ ಸೀಟಿನಲ್ಲಿ ಕೂರುತ್ತಾಳೆ. ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಇಂಜೆಕ್ಷನ್ ಪಡೆದ ಕಣ್ಣಿನಿಂದ ದಾರಿಯ ಬೋರ್ಡುಗಳನ್ನು ಗಟ್ಟಿಯಾಗಿ ಓದುತ್ತಾಳೆ. "ಆ ಬೋರ್ಡು ನಿಂಗೆ ಬಾಯಿಪಾಠ ಐತೆ, ಅದು ಲೆಕ್ಕಕ್ಕಿಲ್ಲ," ಎಂದು ಭಾವ ತಕರಾರು ತೆಗೆಯುತ್ತಾರೆ. ಕಳೆದ ವಾರ ನಾನು ಹಿಂದಿನ ಸೀಟಿನಲ್ಲಿದ್ದೆ. ರಾಂಪುರದ ಹತ್ತಿರ ಹೊಸದಾಗಿ ತೆರೆದ ಅಂಗಡಿಯೊಂದರ ಹೆಸರನ್ನು ಅವಳು ದೂರದಿಂದಲೇ ಅಕ್ಷರ ಅಕ್ಷರ ಕೂಡಿಸಿ ಓದಿದಳು. ಭಾವ ಕಾರು ನಿಧಾನ ಮಾಡಿ, ಹತ್ತಿರ ಹೋಗಿ, ಬೋರ್ಡನ್ನು ತಾವೂ ಓದಿ ನೋಡಿದರು. ಎಂಜಿನ್ ಆಫ್ ಮಾಡಲಿಲ್ಲ.