ಗೀಟಿಲ್ಲದ ಹದಿನಾರು

ಮೀನಿನ ಕರುಳು ತೊಳೆದ ನೀರು ಮೋರಿಯಲ್ಲಿ ಎರಡು ದಿನ ನಿಂತರೆ ಅದರ ಮೇಲೆ ಬೂದು ಬಣ್ಣದ ಕೆನೆ ಕಟ್ಟುತ್ತದೆ. ಆ ಕೆನೆಯನ್ನು ಹನ್ನೊಂದು ವರ್ಷ ಕೈಯಿಂದಲೇ ಬಳಿದು ತೆಗೆದವಳು ಅವಳು. ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಎಲ್ಲರೂ ಅವಳನ್ನು ಐಸಕ್ಕ ಎನ್ನುತ್ತಿದ್ದರು. ಬಸ್ಸಿನಲ್ಲಿ ಅವಳ ಪಕ್ಕ ಕೂತವರು ಮುಂದಿನ ಸ್ಟಾಪಿನಲ್ಲಿ ಎದ್ದು ನಿಲ್ಲುತ್ತಿದ್ದರು. ಅದಕ್ಕೆ ಅವಳೇನೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಅವಳ ಮೂಗಿಗೇ ಅವಳ ಕೈ ಹೇಸಿಗೆಯಾಗಿತ್ತು. ಊಟಕ್ಕೆ ಯಾವಾಗಲೂ ಚಮಚ ಹಿಡಿಯುತ್ತಿದ್ದಳು.

ಈಗ ಬೆರಳಿನ ಗೆಣ್ಣುಗಳು ಊದಿಕೊಂಡು ಚಮಚವೂ ಜಾರುತ್ತಿತ್ತು. ಇನ್ನೊಂದು ಚಳಿಗಾಲ ಮೋರಿಗಿಳಿದರೆ ಕೈ ಮಡಚಲು ಬರುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಹಾಗಾಗಿ ದೊಡ್ಡ ಬಾಗಿಲ ಪಕ್ಕದ ಗಾಜಿನ ಗೂಡಿನ ಮೇಲೆ ಅವಳ ಕಣ್ಣು. ಅಲ್ಲೊಂದು ಕುರ್ಚಿ, ಒಣ ನೆಲ, ಒಂದು ರಿಜಿಸ್ಟರ್. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬಾಗಿಲ ಮೇಲಿನ ಬೋರ್ಡು ತೋರಿಸುವ ಉಷ್ಣಾಂಶ ಬರೆಯಬೇಕು, ಅಷ್ಟೆ. ಬರೆಯುತ್ತಿದ್ದವರು ನಿವೃತ್ತರಾಗಿದ್ದರು. ಮೈನಸ್ ಪ್ಲಸ್ ಲೆಕ್ಕದ ಪರೀಕ್ಷೆ ಪಾಸಾದವರಿಗೇ ಆ ಕೆಲಸ ಎಂದು ಮ್ಯಾನೇಜರ್ ಚೀಟಿ ಅಂಟಿಸಿದ. ಅವಳು ಓದಿದ್ದು ನಾಲ್ಕನೇ ಕ್ಲಾಸು.

ತಮಾಷೆಯೆಂದರೆ ಆ ಜಾಗದಲ್ಲಿ ಮೈನಸ್ ಎಂದು ಬಾಯಿಬಿಟ್ಟು ಹೇಳುವವರೇ ಇರಲಿಲ್ಲ. "ಎಷ್ಟಿದೆ?" ಅಂದರೆ "ಹದಿನೆಂಟು." ಸೊನ್ನೆಗಿಂತ ಹದಿನೆಂಟು ಕೆಳಗೆ ಎಂಬುದನ್ನು ಯಾಕೆ ಹೇಳಬೇಕು, ಗೊತ್ತಿರುವುದೇ ತಾನೆ? ಬೋರ್ಡಿನಲ್ಲಿ ಅಂಕಿಯ ಎಡಕ್ಕೆ ಉರಿಯಬೇಕಾದ ಸಣ್ಣ ಗೀಟು ಕೆಟ್ಟು ಮೂರು ವರ್ಷವಾಗಿತ್ತು. ರಿಜಿಸ್ಟರಿನಲ್ಲೂ ಗೀಟು ಹಾಕುತ್ತಿರಲಿಲ್ಲ. ಅಂಕಿ ದೊಡ್ಡದಿದ್ದರೆ ಕ್ಷೇಮ, ಸಣ್ಣದಾದರೆ ಬೈಗುಳ: ಅಲ್ಲಿನ ಗಣಿತ ಇಷ್ಟೇ.

ಅವಳಿಗೆ ಪಾಠ ಹೇಳಿದ್ದು ತೀರಿಹೋದ ಗಂಡನ ತಂಗಿ. ಇಬ್ಬರೂ ಬೀದಿಯಿಂದ ಏಳು ಮೆಟ್ಟಿಲು ಕೆಳಗಿದ್ದ ಒಂದೇ ಕೋಣೆಯಲ್ಲಿದ್ದರು. ನಾದಿನಿ ಮನೆಪಾಠ ಹೇಳಿ ಬದುಕುತ್ತಿದ್ದಳು. ನಾಲಿಗೆ ಮಾತ್ರ ಕತ್ತರಿ.

"ಬೀದಿ ಬಾಗಿಲು ಸೊನ್ನೆ ಅಂತಿಟ್ಕೋ ಅತ್ತಿಗೆ. ನಾವಿರೋದು ಮೈನಸ್ ಏಳರಲ್ಲಿ."

"ಅದನ್ನ ನೀನು ಹೇಳ್ಬೇಕಾ?"

"ಮೈನಸ್ ಏಳಕ್ಕೆ ಐದು ಕೂಡಿಸು."

"ಹನ್ನೆರಡು."

"ತಲೆಯಲ್ಲೂ ಮೀನೇ ತುಂಬ್ಕೊಂಡಿದ್ದೀಯಾ? ಕೂಡೋದು ಅಂದ್ರೆ ಹತ್ತೋದು. ಹೋಗು, ಕಾಲಲ್ಲೇ ಲೆಕ್ಕ ಮಾಡು."

ಅವಳು ಐದು ಮೆಟ್ಟಿಲು ಹತ್ತಿದಳು. ಬಾಗಿಲಿಗೆ ಇನ್ನೂ ಎರಡು ಉಳಿದಿದ್ದವು. ಮೈನಸ್ ಎರಡು. ಮತ್ತೆ ಕೆಳಗಿಳಿದು, ಮೈನಸ್ ಏಳಕ್ಕೆ ಒಂಬತ್ತು ಕೂಡಿಸು ಎಂದಾಗ ಬಾಗಿಲು ದಾಟಿ ಮಾಳಿಗೆಯ ಮೆಟ್ಟಿಲಲ್ಲಿ ಎರಡು ಹತ್ತಿ ನಿಂತಳು. ಪ್ಲಸ್ ಎರಡು. ಮೇಲಿನ ಮನೆಯಾಕೆ ಇಣುಕಿ, "ಏನ್ರೀ, ಏನಾದ್ರೂ ಕಳ್ಕೊಂಡ್ರಾ?" ಎಂದಳು. "ಸೊನ್ನೆ ಇಲ್ಲೇ ಎಲ್ಲೋ ಇತ್ತು ಕಣ್ರೀ," ಎಂದು ಇವಳು ಇಳಿದುಬಂದಳು.

ಕಾಲು ಸೋತಿದ್ದು ಕಳೆಯುವಲ್ಲಿ. ಮೈನಸ್ ಹದಿನೆಂಟರಿಂದ ಮೈನಸ್ ಐದನ್ನು ಕಳೆ, ಎಂದಿತ್ತು ಪುಸ್ತಕ. "ಇಲ್ಲದ್ದನ್ನ ಹೇಗೆ ಕಳೀತಾರೆ? ಇದು ಮೋರಿಗಿಂತ ಅಸಹ್ಯ," ಎಂದು ಪುಸ್ತಕ ಎಸೆದು ಮಲಗಿದಳು. ನಾಲ್ಕನೆಯ ದಿನ ಕೆಲಸದಿಂದ ಬಂದವಳು ಬಾಗಿಲಲ್ಲೇ ನಿಂತು ಹೇಳಿದಳು: "ಮೈನಸ್ ಅಂದ್ರೆ ಇಲ್ಲದ್ದಲ್ಲ ಕಣೇ. ಚಳಿ. ಚಳಿ ಇದೆ ಅಂತ ನನ್ನ ಗೆಣ್ಣಿಗೆ ಗೊತ್ತು. ಅದರಲ್ಲಿ ಐದು ಪಾಲು ಚಳಿ ತೆಗೆದುಬಿಡು, ಬಿಸಿ ಏರುತ್ತೆ. ಮೈನಸ್ ಹದಿಮೂರು."

ನಾದಿನಿ ಪೆನ್ಸಿಲ್ ಕೆಳಗಿಟ್ಟಳು. "ಇಷ್ಟು ವರ್ಷ ಪಾಠ ಹೇಳಿದ್ದೀನಿ. ಈ ಮಾತು ನಂಗೆ ಹೊಳೀಲಿಲ್ವಲ್ಲೇ ಅತ್ತಿಗೆ."

ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಹದಿನೇಳು ಬಂತು. "ಮೋರಿಯಿಂದ ಕುರ್ಚಿಗೆ ಬಡ್ತಿ! ಚೆನ್ನಾಗಿ ತಲೆ ಉಜ್ಜಿಕೊಂಡು ಬಾಮ್ಮ," ಎಂದ ಮ್ಯಾನೇಜರ್. ಹೊಸ ಕೆಲಸಕ್ಕೆ ಕೂರುವ ಮುನ್ನ ಐದು ದಿನ ಸಾಲು ರಜೆ ಇತ್ತು. ಆ ದಿನಗಳಲ್ಲಿ ರಿಜಿಸ್ಟರ್ ಬರೆದದ್ದು ಕಾವಲುಗಾರ.

ಮೊದಲ ದಿನ ಅವಳು ಒಗೆದ ಬಟ್ಟೆ ತೊಟ್ಟು ಕುರ್ಚಿಯಲ್ಲಿ ಕೂತು ರಿಜಿಸ್ಟರ್ ತೆರೆದಳು. ಹತ್ತು ಸಾಲು. ಹದಿನೆಂಟು, ಹದಿನಾಲ್ಕು, ಹತ್ತು, ಆರು, ಮೂರು, ಒಂದು, ಎರಡು, ಆರು, ಹನ್ನೊಂದು, ಹದಿನಾರು. ಅವಳ ಕಾಲುಗಳು ಮನಸ್ಸಿನಲ್ಲೇ ಮೆಟ್ಟಿಲು ಹತ್ತತೊಡಗಿದವು. ಮೈನಸ್ ಮೂರು, ಮೈನಸ್ ಒಂದು. ಇನ್ನು ಮೂರು ಮೆಟ್ಟಿಲು ಹತ್ತಿದರೆ ಬಾಗಿಲು ದಾಟಿ ಎರಡು. ಅಲ್ಲಿಂದ ಮಾಳಿಗೆ. ಅವಳು ಕಿವಿಗೊಟ್ಟಳು. ಒಳಗನ್ನು ತಂಪಾಗಿಡುವ ಕಂಪ್ರೆಸರಿನ ಸದ್ದಿರಲಿಲ್ಲ.

ಅಂಗಳದಾಚೆಯ ಆಫೀಸಿನಲ್ಲಿ ಮ್ಯಾನೇಜರ್ ಕೊನೆಯ ಸಾಲು ಮಾತ್ರ ನೋಡಿದ. "ಹದಿನಾರಿದೆಯಲ್ಲಮ್ಮ. ನಡುವೆ ಸ್ವಲ್ಪ ಇಳಿದಿತ್ತು, ಸರಿಹೋಗಿದೆ."

"ಸರ್, ಅದು ಮೇಲಿನ ಹದಿನಾರು. ಹದಿನಾರರಿಂದ ಮೈನಸ್ ಹದಿನೆಂಟು ಕಳೀರಿ. ಮೂವತ್ತನಾಲ್ಕು ಡಿಗ್ರಿ ಏರಿದೆ."

ದೊಡ್ಡ ಬಾಗಿಲು ತೆರೆದದ್ದೇ ತಡ, ನಾತ ಹೊರಗೆ ಬರಲಿಲ್ಲ, ಮೈಮೇಲೆ ಬಿದ್ದಿತು. ಪೆಟ್ಟಿಗೆಗಳಿಂದ ಕಂದು ಲೋಳೆ ಎಳೆಯೆಳೆಯಾಗಿ ಇಳಿಯುತ್ತಿತ್ತು. ಮೀನಿನ ಹೊಟ್ಟೆಗಳು ಊದಿ ಒಡೆದಿದ್ದವು, ಕಣ್ಣುಗಳು ಬೆಂದ ಹಾಗೆ ಬಿಳಿಚಿದ್ದವು. ಕಾವಲುಗಾರ ಗೋಡೆ ಹಿಡಿದು ವಾಂತಿ ಮಾಡಿದ. "ದಿನಾ ಕಂಡಿದ್ದೇ ಬರ್ದೆ ಸ್ವಾಮಿ," ಎಂದು ಅಳತೊಡಗಿದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಹನ್ನೊಂದು ವರ್ಷ ಮೋರಿ ಬಳಿದವಳಿಗೆ ನಿಜವಾದ ಹೇಸಿಗೆ ಕಂಡದ್ದು ಮಾತ್ರ ಆಮೇಲೆ. ಮ್ಯಾನೇಜರ್ ಮೂಗಿಗೆ ಕರ್ಚೀಫು ಕಟ್ಟಿಕೊಂಡು, ಸುಟ್ಟ ಫ್ಯೂಸು ಬದಲಾಯಿಸಿ, ಗೂಡಿಗೆ ಬಂದ. "ತೊಳೆದು, ಹೆಪ್ಪುಗಟ್ಟಿಸಿ ಮತ್ತೆ ಕಲ್ಲು ಮಾಡೋಣ. ಕಲ್ಲಿಗೆಲ್ಲಿಯ ನಾತ? ನಾಡಿದ್ದು ಲಾರಿ ಬರುತ್ತೆ, ಹಾಸ್ಟೆಲ್ ಅಡುಗೆಮನೆಗೆ ಹೋಗುತ್ತೆ, ಮಸಾಲೆ ಬೀಳುತ್ತೆ. ನೀನು ಹತ್ತು ಅಂಕಿಗೂ ಮುಂದೊಂದು ಗೀಟು ಎಳಿ. ಈ ಕುರ್ಚಿ ನಿಂದೇ ಇರ್ಲಿ ಅಂತ ನಂಗೂ ಆಸೆ."

ಅವನು ಎದುರಿಗೇ ನಿಂತಿದ್ದ. ಅವಳು ಹತ್ತು ಗೀಟೆಳೆದಳು. ಬರೆದ ಕೈಯನ್ನು ಆ ಎರಡು ದಿನವೂ ಸೋಪು ಹಾಕಿ ತೊಳೆದಳು. ಮೋರಿಗಿಳಿಯದ ಕೈ, ಆದರೂ ಮೋರಿಗಿಂತ ಕೆಟ್ಟ ವಾಸನೆ.

ಲಾರಿ ಡ್ರೈವರ್ ಗಾಜು ತಟ್ಟಿದ. ಮಾಲು ತುಂಬುವ ಮೊದಲು ರಿಜಿಸ್ಟರ್ ನೋಡಿ ಸಹಿ ಹಾಕುವುದು ಅವನ ಪದ್ಧತಿ. "ಏನ್ ಐಸಕ್ಕ, ಕುರ್ಚಿ ಸಿಕ್ತಂತೆ! ಇನ್ಮೇಲೆ ಮೇಡಂ ಅನ್ಬೇಕಾ?"

"ಒಂದ್ನಿಮಿಷ ಇರಪ್ಪ," ಎಂದು ಅವಳು ಪೆನ್ನು ತೆಗೆದುಕೊಂಡಳು. ಮೊದಲ ಆರು ಗೀಟುಗಳು ನಿಜವಾಗಿದ್ದವು, ಅವನ್ನು ಮುಟ್ಟಲಿಲ್ಲ. ಎರಡು, ಆರು, ಹನ್ನೊಂದು, ಹದಿನಾರು: ಈ ನಾಲ್ಕರ ಗೀಟಿಗೆ ಮಾತ್ರ ಅಡ್ಡಲಾಗಿ, ಮೇಲಿನಿಂದ ಕೆಳಕ್ಕೆ, ಇನ್ನೊಂದು ಗೀಟು ಹಾಕಿದಳು.

ಡ್ರೈವರ್ ಓದಿದ. "ಪ್ಲಸ್ ಹದಿನಾರಾ?"

"ಹೌದಪ್ಪ. ಒಂದು ಪೆಟ್ಟಿಗೆ ಒಡೆದು ನೋಡು."

ಒಡೆದ. ಹೊರಗೆ ಕಲ್ಲು, ಒಳಗೆ ಗೊಜ್ಜಿನಂಥ ಲೋಳೆ. ಅವನು ಉಗಿದು ಬೆನ್ನು ತಿರುಗಿಸಿದ. ಖಾಲಿ ಲಾರಿ ಗೇಟು ದಾಟಿತು.

ಮ್ಯಾನೇಜರ್ ಕೂಗಾಡಲೂ ಇಲ್ಲ. ಕುರ್ಚಿಯನ್ನು ತೋರಿಸಿ, ಆಮೇಲೆ ಸಲಿಕೆಯನ್ನು ತೋರಿಸಿದ. ಅವಳೂ ಕಾವಲುಗಾರನೂ ಹಿತ್ತಲಿನ ಗುಂಡಿಗೆ ಅಷ್ಟೂ ಮೀನನ್ನು ಸುರಿದು ಮಣ್ಣು ಮುಚ್ಚುವುದಕ್ಕೆ ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ ಅವಳು ಮತ್ತೆ ಮೋರಿಯಲ್ಲಿದ್ದಳು.

ಅಂದು ಏಳು ಮೆಟ್ಟಿಲು ಇಳಿದು ಬಂದಾಗ ನಾದಿನಿ ಮೂಗು ಹಿಡಿದುಕೊಂಡೇ ಅವಳ ಗೆಣ್ಣುಗಳಿಗೆ ಎಣ್ಣೆ ತಿಕ್ಕಿದಳು.

"ಒಂದು ಮೆಟ್ಟಿಲು ಹತ್ತಿದೆ, ಒಂದು ಇಳಿದೆ," ಎಂದಳು ಐಸಕ್ಕ. "ಒಟ್ಟು ಸೊನ್ನೆ."

"ಸೊನ್ನೆಗೆ ಇಷ್ಟು ನಾತ ಇರಲ್ಲ ಅತ್ತಿಗೆ," ಎಂದಳು ನಾದಿನಿ, ತಿಕ್ಕುವುದನ್ನು ನಿಲ್ಲಿಸದೆ. "ಎಣ್ಣೆ ಇಳಿದ ಮೇಲೆ ಇನ್ನೊಂದ್ಸಲ ತಲೆ ತೊಳ್ಕೋ."